ನಾಲ್ಕನೇ ಸೀಟಿನ ಗವರ್ನರ್

ನನ್ನ ಸೋದರಮಾವ ಒಂದು ವಿಶ್ವವಿದ್ಯಾಲಯ ಕಟ್ಟಿದ್ದಾರೆ. ನಗಬೇಡಿ. ನಗಲೇಬೇಕೆಂದಿದ್ದರೆ ಸ್ವಲ್ಪ ತಡೆದುಕೊಳ್ಳಿ, ಮುಂದೆ ಬೇಕಾದಷ್ಟು ಅವಕಾಶವಿದೆ! ಎಂಬತ್ತರ ದಶಕ ಮುಗಿಯುತ್ತ ಬಂದರೂ ಡೊಂಬಿವ್ಲಿಯ ನಮ್ಮ ಕಟ್ಟಡಕ್ಕೆ ಇನ್ನೂ ಫೋನು ಬಂದಿಲ್ಲ. ನಳದಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದರೆ ವಿಶ್ವವಿದ್ಯಾಲಯ ಮಾತ್ರ ಬಂದುಬಿಟ್ಟಿದೆ.

ಅದು ಇರುವುದು ರೈಲು ಹಳಿಯ ಪಕ್ಕದ ಶಾಲೆಯೊಂದರ ಮೂರನೇ ಮಹಡಿಯಲ್ಲಿ. ಸಂಜೆ ಶಾಲೆ ಬಿಟ್ಟ ಮೇಲೆ ಅಲ್ಲಿನ ಮೂರು ಕೋಣೆಗಳು ನಮ್ಮವು. ಹಗಲು ನಾಲ್ಕನೇ ತರಗತಿಯ ಮಕ್ಕಳು ಕೂರುವ ಬೆಂಚಿನಲ್ಲಿ ನಾವು ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಬಿ.ಎ. ಓದುತ್ತೇವೆ. ನಾವು ಎಂದರೆ ಹಗಲು ದುಡಿಯುವವರು. ಉಡುಪಿ ಕಡೆಯವರ ಹೋಟೆಲುಗಳಲ್ಲಿ ಬಡಿಸುವವರು, ರಬಾಳೆಯ ಕಾರ್ಖಾನೆಗಳಿಗೆ ಹೋಗುವವರು, ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ ಸರಳು ಹೊರುವವರು, ನನ್ನಂಥ ಟೈಪಿಸ್ಟುಗಳು. ಒಟ್ಟು ಐವತ್ತೆರಡು ಜನ.

"ಇದು ಕಾಲೇಜಲ್ವಾ ಮಾವ?" ಎಂದು ನಾನೊಮ್ಮೆ ಕೇಳಿದ್ದೆ.

"ಸದ್ಯಕ್ಕೆ ಕಾಲೇಜು. ಸದ್ಯಕ್ಕೆ ಅಂತ ಬೋರ್ಡಿನಲ್ಲಿ ಬರೀಲಿಕ್ಕೆ ಆಗ್ತದಾ ಮಾರಾಯ್ತಿ?" ಎಂದರು ಮಾವ.

'ಆಧುನಿಕ ವಿಶ್ವವಿದ್ಯಾಲಯ' ಎಂದು ಬೋರ್ಡು ಬರೆಯಲು ಪೇಂಟರನನ್ನು ಕರೆಸಿದರು. ಅವನು ಅಕ್ಷರಗಳನ್ನು ಎಷ್ಟು ದೊಡ್ಡದಾಗಿ ಬರೆದನೆಂದರೆ 'ಆಧುನಿಕ' ಮುಗಿಯುವಾಗ ಹಲಗೆಯೂ ಮುಗಿದಿತ್ತು. ಮಾವ ಅದನ್ನೇ ನೇತುಹಾಕಿಸಿದರು. ಮೊದಲ ವಾರ ಯಾವುದೋ ಹೊಸ ಸಲೂನೆಂದುಕೊಂಡು ಕೂದಲು ಕತ್ತರಿಸಿಕೊಳ್ಳಲು ಇಬ್ಬರು ಮೂರು ಮಹಡಿ ಹತ್ತಿ ಬಂದರು. ಅವರಲ್ಲಿ ಒಬ್ಬನನ್ನು ಮಾವ ಬಿ.ಎ.ಗೆ ಸೇರಿಸಿಕೊಂಡರು!

ನಾನು ದಿನಚರಿ ಬರೆಯುವವಳು. ಊರಿಂದ ಕೆಲಸಕ್ಕೆಂದು ಬಂದು ಮಾವನ ಮನೆಯಲ್ಲೇ ಇದ್ದೇನೆ. ತಾರೀಕು ಹಾಕದೆ ನಾನು ನೀರೂ ಕುಡಿಯುವುದಿಲ್ಲವೆಂದು ಅತ್ತೆ ಗೇಲಿ ಮಾಡುತ್ತಾರೆ. ಹಾಗಾಗಿ ಕಾಲೇಜಿನ ಆಡಳಿತ ಮಂಡಳಿಯ ಸಭೆಗಳ ವರದಿ ಬರೆಯುವ ಕೆಲಸವೂ ನನಗೇ ಬಂತು. ಆಡಳಿತ ಮಂಡಳಿ ಎಂದರೆ ಯಾರೂ ಹತ್ತಿರ ಸುಳಿಯುವುದಿಲ್ಲವೆಂದು ಮಾವ ಅದರ ಸದಸ್ಯರನ್ನು 'ಗವರ್ನರು' ಎಂದು ಕರೆಯುತ್ತಿದ್ದರು. ಒಟ್ಟು ಒಂಬತ್ತು ಗವರ್ನರುಗಳು. ಅವರಲ್ಲಿ ಮೊದಲನೆಯವರು ಮಾವನೇ.

ಕಳೆದ ಮಳೆಗಾಲದಲ್ಲಿ ಇಬ್ಬರು ಗವರ್ನರುಗಳು ಖಾಲಿಯಾದರು. ಒಬ್ಬರಿಗೆ ನಾಗಪುರಕ್ಕೆ ವರ್ಗವಾಯಿತು. ಇನ್ನೊಬ್ಬರು ಸಭೆಯಲ್ಲಿ ಚಹಾ ತಣ್ಣಗಿತ್ತೆಂದು ಸಿಟ್ಟಾಗಿ ಹೋದವರು ಬಿಸಿ ಚಹಾ ಕಳಿಸಿದರೂ ತಿರುಗಿ ಬರಲಿಲ್ಲ. ಅದೇ ಹೊತ್ತಿಗೆ ನಮಗೆ ಮಾನ್ಯತೆ ಕೊಡಬೇಕಾದ ಕಚೇರಿಯಿಂದ ಕಾಗದ ಬಂತು. ಗಣಪತಿ ಹಬ್ಬ ಕಳೆದ ಮೇಲೆ ಪರಿಶೀಲನೆಗೆ ಬರುತ್ತೇವೆ, ಆ ದಿನ ಮಂಡಳಿಯ ಒಂಬತ್ತೂ ಜನ ಎದುರಿಗೆ ಕಾಣಬೇಕು, ಕಾಣದಿದ್ದರೆ ಮಾನ್ಯತೆ ಇಲ್ಲ. ಮಾನ್ಯತೆ ಇಲ್ಲದಿದ್ದರೆ ನಮಗೆ ಪರೀಕ್ಷೆಯಿಲ್ಲ. ಎರಡು ವರ್ಷ ಮೊಣಕಾಲು ಮಡಚಿ ಓದಿದ್ದು ಐವತ್ತೆರಡು ಜನರಿಗೂ ವ್ಯಾಯಾಮವಾಯಿತು, ಅಷ್ಟೆ!

"ಇಬ್ಬರು ಗವರ್ನರನ್ನು ತರ್ಬೇಕು" ಎಂದರು ಮಾವ.

"ಕಸ ಗುಡಿಸ್ಲಿಕ್ಕೆ ಒಂದು ಹಿಡಿಸೂಡಿ ತನ್ನಿ ಅಂತ ಹೇಳಿ ಎಷ್ಟು ಸಮಯ ಆಯ್ತು!" ಎಂದರು ಅತ್ತೆ ಒಳಗಿನಿಂದ. "ಹಿಡಿಸೂಡಿ ತರ್ಲಿಕ್ಕೆ ಪುರುಸೊತ್ತಿಲ್ಲ, ಗವರ್ನರ್ ತರ್ತಾರಂತೆ!"

ಗವರ್ನರುಗಳೇನೋ ಸಿಗುತ್ತಿದ್ದರು. ತೊಂದರೆ ಇದ್ದದ್ದು ಮಾವನ ಸಂದರ್ಶನದಲ್ಲಿ. ಮಾವ ಮೂವತ್ತು ವರ್ಷ ಡೊಂಬಿವ್ಲಿಯಿಂದ ಮುಂಬಯಿಗೆ ಸೆಕೆಂಡ್ ಕ್ಲಾಸಿನಲ್ಲಿ ಓಡಾಡಿದವರು. ನಿವೃತ್ತರಾದ ಮೇಲೂ ರೈಲಿನ ಪಾಸು ತೆಗೆಸುವುದನ್ನು ಬಿಟ್ಟಿಲ್ಲ. ಮನುಷ್ಯನನ್ನು ಅಳೆಯಲು ಲೋಕಲ್ ಗಾಡಿಗಿಂತ ದೊಡ್ಡ ಜಾಗವಿಲ್ಲವೆಂಬುದು ಅವರ ಗಟ್ಟಿ ನಂಬಿಕೆ. ಈ ಕಡೆಯ ಗಾಡಿ ಹತ್ತದವರಿಗೆ ಇಲ್ಲಿ ಸ್ವಲ್ಪ ಹೇಳಬೇಕು. ನಮ್ಮ ಗಾಡಿಗಳಲ್ಲಿ ಯಾರೂ ಬರೆದಿಡದ ಎರಡು ಕಾನೂನುಗಳಿವೆ. ಮೊದಲನೆಯದು, ಮೂವರು ಕೂರುವ ಬೆಂಚಿನಲ್ಲಿ ನಾಲ್ಕನೆಯವನು ಬಂದು ನಿಂತರೆ ಮೂವರೂ ಸ್ವಲ್ಪ ಸ್ವಲ್ಪ ಸರಿದು ತುದಿಯಲ್ಲಿ ಅವನಿಗೆ ಅರ್ಧ ಜಾಗ ಮಾಡಿಕೊಡಬೇಕು. ಅದು ನಾಲ್ಕನೇ ಸೀಟು. ಅರ್ಧ ದೇಹ ಬೆಂಚಿನ ಮೇಲೆ, ಉಳಿದರ್ಧ ದೇವರ ಮೇಲೆ! ಎರಡನೆಯದು, ಡೊಂಬಿವ್ಲಿಯಿಂದ ಕೂತು ಬಂದವರು ಠಾಣೆ ಬಂದ ಕೂಡಲೇ ಎದ್ದು, ಅಲ್ಲಿಯವರೆಗೆ ನಿಂತು ಬಂದವರಿಗೆ ಜಾಗ ಕೊಡಬೇಕು. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಠಾಣೆ ಬಂತು, ಎದ್ದರು, ಮುಗಿಯಿತು.

"ಕುರ್ಚಿ ಕೊಟ್ರೆ ಯಾವನೂ ಕೂತ್ಕೊಳ್ತಾನೆ. ಏಳ್ಲಿಕ್ಕೆ ಬರ್ತದಾ ನೋಡ್ಬೇಕು" ಎನ್ನುತ್ತಿದ್ದರು ಮಾವ.

ಹಾಗಾಗಿ ನಿವೃತ್ತ ದೊಡ್ಡ ಅಧಿಕಾರಿಯೊಬ್ಬರು ತಾವಾಗಿಯೇ ಗವರ್ನರಾಗುತ್ತೇನೆಂದಾಗ ಮಾವ ಅವರನ್ನು ಮನೆಗೆ ಕರೆಯಲಿಲ್ಲ, ಕಚೇರಿಗೂ ಕರೆಯಲಿಲ್ಲ. "ನಾಳೆ ಬೆಳಿಗ್ಗೆ ಎಂಟರ ಗಾಡಿಗೆ ಬನ್ನಿ, ಮಾತಾಡುವ" ಎಂದರು. ಪಾಪ, ಅಧಿಕಾರಿಗಳು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಮಾವ ಹೇಗೋ ಅವರಿಗೆ ಕಿಟಕಿಯ ಸೀಟು ಹಿಡಿದುಕೊಟ್ಟು ತಾವು ಎದುರಿಗೆ ನಿಂತರು. ಮುಂಬ್ರಾ ದಾಟುವವರೆಗೂ ಅಧಿಕಾರಿಗಳು ಉನ್ನತ ಶಿಕ್ಷಣದ ಭವಿಷ್ಯದ ಬಗ್ಗೆ ಬಹಳ ಚೆನ್ನಾಗಿ ಮಾತನಾಡಿದರಂತೆ. ಠಾಣೆ ಹತ್ತಿರ ಬರುತ್ತಿದ್ದ ಹಾಗೆ ಅವರ ಕಣ್ಣು ಮುಚ್ಚಿತು, ಗೊರಕೆಯೂ ಶುರುವಾಯಿತು. ಇದಕ್ಕೆ ನಮ್ಮಲ್ಲಿ ಠಾಣೆ ನಿದ್ದೆ ಎನ್ನುತ್ತಾರೆ. ಮಾವ ಬಗ್ಗಿ ಅವರ ಕಿವಿಯಲ್ಲಿ ಮೆಲ್ಲಗೆ "ಸಾರ್, ಚಹಾ" ಎಂದರು.

"ಸಕ್ಕರೆ ಕಡಿಮೆ" ಎಂದರು ಅಧಿಕಾರಿಗಳು, ಕಣ್ಣು ಮುಚ್ಚಿಕೊಂಡೇ!

ಮುಂದೆ ಬಂದವರು ರಬಾಳೆಯ ಕಾರ್ಖಾನೆಯ ಮಾಲೀಕರು. ಅವರು ಕಟ್ಟಡವನ್ನೇ ಕಟ್ಟಿಸಿಕೊಡುತ್ತೇನೆ ಎಂದಾಗ ಉಳಿದ ಗವರ್ನರುಗಳೆಲ್ಲ ಖುಷಿಯಿಂದ ಕುರ್ಚಿಯ ತುದಿಗೆ ಬಂದು ಕೂತರು. ಆದರೆ ಆ ಮಾಲೀಕರು ಗಾಡಿ ಹತ್ತುವವರಲ್ಲ, ಕಾರಿನವರು. "ಪರೀಕ್ಷೆಯೇ ಮಾಡದೆ ಬೇಡ ಅನ್ನುವುದು ಸರಿಯಾ ಮಾವ?" ಎಂದು ನಾನು ಕೇಳಿದೆ.

"ಕಾರಿನಲ್ಲಿಯೂ ಠಾಣೆ ಬರ್ತದೆ ಮಗಾ. ಆದರೆ ಎದ್ದು ನಿಂತ್ರೆ ತಲೆ ತಾಗ್ತದಲ್ಲ!"

ಅಲ್ಲಿಗೆ ನನ್ನ ಲೆಕ್ಕ ಹೀಗಿತ್ತು. ಮಾವ ಬೇಡವೆಂದವರು ಏಳು. ಮಾವನನ್ನೇ ಬೇಡವೆಂದವರು ನಾಲ್ಕು. ಸಿಕ್ಕವರು ಸೊನ್ನೆ. ಕ್ಲಾಸಿನಲ್ಲಿ ಎಲ್ಲರ ಮುಖವೂ ಸಣ್ಣದಾಗತೊಡಗಿತ್ತು. ನನ್ನ ಹಿಂದಿನ ಬೆಂಚಿನವನು ಹಣಮಂತ. ಕಲಬುರಗಿ ಕಡೆಯವನು, ಠಾಕುರ್ಲಿಯಲ್ಲಿ ವಾಸ. ಹೆಂಡತಿ, ಎರಡು ಮಕ್ಕಳು. ದಿನವಿಡೀ ಕಳಂಬೋಲಿಯಲ್ಲಿ ಸರಳು ಹೊತ್ತು ಸಂಜೆ ಕ್ಲಾಸಿಗೆ ಬರುತ್ತಾನೆ. ಅಂಗಿಯ ಹೆಗಲ ಮೇಲೆ ತುಕ್ಕಿನ ಗೆರೆ ಹಾಗೇ ಇರುತ್ತದೆ.

"ಈ ಬೆಂಚಿನಾಗ ಕುಂದ್ರೂದಕ್ಕಿಂತ ಸರಳ್ ಹೊರೂದ ಹಗೂರ ಅದ ಬಿಡ್ರಿ ಅಕ್ಕಾರ" ಎಂದು ನಗಿಸುತ್ತಿದ್ದವನು ಆ ದಿನ ನಗಲಿಲ್ಲ. "ಸರ್‌ಗೆ ಒಂದ್ ಮಾತ್ ಹೇಳ್ರಿ. ಗವರ್ನರ್ ಹ್ಯಾಂಗರೆ ಇರ್ಲಿ, ನಮ್ ಪರೀಕ್ಷಾ ಆಗ್ಲಿ. ಮುಂದಿನ ವರ್ಷಾನೂ ನಾ ಹಿಂಗೇ ಬರ್ತೀನಂತ ಏನ್ ಗ್ಯಾರಂಟಿ ಅದ?"

ಹೇಳಿದೆ. ಮಾವ ಬಹಳ ಹೊತ್ತು ಚಪ್ಪಲಿ ಹುಡುಕಿದರು. ಚಪ್ಪಲಿ ಅವರ ಕಾಲಲ್ಲೇ ಇತ್ತು.

ಮರುದಿನ ಅವರು ಕಲ್ಯಾಣದ ಹೋಟೆಲೊಂದಕ್ಕೆ ಹೋದರು. ಮಾಲೀಕರು ನಮ್ಮೂರಿನ ಕಡೆಯವರು. ಅವರಿಗೆ ಗಲ್ಲಾ ಬಿಟ್ಟು ಗಾಡಿ ಹತ್ತಲು ಪುರುಸೊತ್ತಿಲ್ಲದ್ದರಿಂದ ಮಾವ ಪರೀಕ್ಷೆಯನ್ನೇ ಹೋಟೆಲಿಗೆ ಕೊಂಡುಹೋದರು. ಸರಿಯಾಗಿ ಊಟದ ಹೊತ್ತಿಗೆ ಹೋಗಿ ಕೂತು ಒಂದೇ ಒಂದು ಕಾಫಿ ಹೇಳಿದರು. ಕುಡಿದರು. ಏಳಲಿಲ್ಲ. ಟೇಬಲ್ಲಿನ ಸುತ್ತ ಗಿರಾಕಿಗಳು ನಿಂತರು. ಆಗಲೂ ಏಳಲಿಲ್ಲ. ಮಾಲೀಕರು ಗಲ್ಲಾದಿಂದ ನೋಡಿ ನೋಡಿ ಕೊನೆಗೆ ಹತ್ತಿರ ಬಂದರು.

"ಎಂಥ ಮಾರಾಯ್ರೆ, ಹುಷಾರಿಲ್ವಾ?"

"ಹುಷಾರುಂಟು. ಕೂತ್ಕೊಳ್ಬೇಕು ಅನ್ನಿಸ್ತು."

"ಹಾಗಾದ್ರೆ ಇಲ್ಲಿ ಬೇಡ, ಇವರಿಗೆಲ್ಲ ಹಸಿವಾಗಿದೆ. ಬನ್ನಿ, ನನ್ನ ಗಲ್ಲಾದಲ್ಲಿ ಕೂತ್ಕೊಳ್ಳಿ. ಫ್ಯಾನ್ ಉಂಟು. ನಾನು ನಿಂತು ಬಡಿಸ್ತೇನೆ."

ಮಾವ ಗಲ್ಲಾದಲ್ಲಿ ಕೂತರು. ಅಲ್ಲಿ ಕೂತೇ ಮಾಲೀಕರನ್ನು ಗವರ್ನರೆಂದು ಸಾರಿದರು. ಅಷ್ಟಕ್ಕೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಬಿಲ್ಲು ಕೊಡಲು ಬಂದ ಗಿರಾಕಿಗಳ ಹತ್ತಿರವೂ "ನಿಮಗೆ ಠಾಣೆಯಲ್ಲಿ ಎದ್ದು ಅಭ್ಯಾಸ ಉಂಟಾ?" ಎಂದು ವಿಚಾರಿಸತೊಡಗಿದಾಗ ಮಾಲೀಕರು ಅವರನ್ನು ಮೆಲ್ಲಗೆ ಎಬ್ಬಿಸಿ ಗಾಡಿಗೆ ಕಳಿಸಿದರು.

ಒಬ್ಬರಾದರು. ಇನ್ನೊಬ್ಬರು?

"ಅರ್ಧ ಊರು ಮಹಿಳಾ ಡಬ್ಬಿಯಲ್ಲಿ ಕೂತಿದೆ. ಅಲ್ಲಿ ನಾನು ಹೋಗ್ಲಿಕ್ಕಾಗುದಿಲ್ಲ. ನೀನು ನೋಡು" ಎಂದರು ಮಾವ. ನನಗೆ ನೋಡುವ ಅಗತ್ಯವೇ ಇರಲಿಲ್ಲ. ನಮ್ಮ ಡಬ್ಬಿಯಲ್ಲಿ ಸುಮನ್‌ತಾಯಿ ಎಂಬವರಿದ್ದಾರೆ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ಯಾರು ಬಸುರಿ, ಯಾರಿಗೆ ಇಡೀ ದಿನ ನಿಂತು ಮಾಡುವ ಕೆಲಸ, ಯಾರ ಅತ್ತೆ ಆಸ್ಪತ್ರೆಯಲ್ಲಿದ್ದಾರೆ, ಎಲ್ಲ ಅವರಿಗೆ ಗೊತ್ತು. ಅವರ ಒಂದು ನೋಟಕ್ಕೆ ಇಡೀ ಬೆಂಚು ಸರಿಯುತ್ತದೆ. ಠಾಣೆಯಲ್ಲಂತೂ ಅವರು ಗಾಡಿ ನಿಲ್ಲುವ ಮೊದಲೇ ಎದ್ದಿರುತ್ತಾರೆ, ಕೈಯಲ್ಲಿ ಅರ್ಧ ಬಿಡಿಸಿದ ಮೆಂತ್ಯ ಸೊಪ್ಪು ಹಿಡಿದುಕೊಂಡೇ. ನಾನು ಇದನ್ನೆಲ್ಲ ಹೇಳಿದೆ. "ನಾಳೆ ನಾನೇ ಕೇಳ್ತೇನೆ" ಎಂದರು ಮಾವ. ನಾನು ಹೇಳಬಾರದಿತ್ತು!

ಮರುದಿನ ಡೊಂಬಿವ್ಲಿ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ನಿಂತದ್ದೇ ಮಾವ ಮಹಿಳಾ ಡಬ್ಬಿಯ ಕಿಟಕಿ ಸರಳು ಹಿಡಿದು "ಸುಮನ್‌ತಾಯಿ! ನೀವು ನಮಗೆ ಬೇಕು!" ಎಂದು ಕೂಗಿದರು. ಗಾಡಿ ಹೊರಟಿತು. ಮಾವ ಕಿಟಕಿಯ ಜೊತೆಗೇ ಓಡುತ್ತ ಇನ್ನೂ ಜೋರಾಗಿ ಕೂಗಿದರು. ಡಬ್ಬಿಯಲ್ಲಿ ಹೆಂಗಸರೆಲ್ಲ ಹೋ ಎಂದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಕೊನೆಗೆ ಕಂಡದ್ದು, ಒಬ್ಬ ಪೊಲೀಸ್ ಪೇದೆ ಮಾವನ ಅಂಗಿಯ ಕೊರಳು ಹಿಡಿದು "ಆಜೋಬಾ, ಹ್ಯಾ ವಯಾತ್?" ಎಂದು ಕೇಳುತ್ತಿದ್ದದ್ದು. ಅಜ್ಜಾ, ಈ ವಯಸ್ಸಿನಲ್ಲಿಯಾ!

"ಅವರು ನನ್ನ ಮಾವ" ಎಂದೆ, ಸೆರಗಿನ ಒಳಗಿನಿಂದಲೇ. ವಿಷಯ ಪೂರ್ತಿ ಹೇಳುವ ಮೊದಲೇ ಮುಂದಿನ ಸ್ಟೇಷನ್ ದಿವಾ ಬಂತು. ಸುಮನ್‌ತಾಯಿ ಮೆಂತ್ಯವನ್ನು ಪಕ್ಕದವರ ಮಡಿಲಿಗೆ ಹಾಕಿ "ಚಲ್, ಉತರ್!" ಎಂದು ನನ್ನ ಕೈ ಹಿಡಿದು ಇಳಿದೇ ಬಿಟ್ಟರು. ಎದುರು ಬಂದ ಗಾಡಿ ಹಿಡಿದು ಡೊಂಬಿವ್ಲಿಗೆ ವಾಪಸು. ಪೇದೆಗೆ ಅವರು ಮರಾಠಿಯಲ್ಲಿ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯುವುದಿಲ್ಲ. ಅವನು ಮಾವನ ಕಾಲರನ್ನು ತಾನೇ ಸರಿ ಮಾಡಿ ಹೋದ.

"ನಿಮಗೆ ಆಫೀಸಿಗೆ ತಡವಾಯ್ತಲ್ಲ ತಾಯಿ" ಎಂದರು ಮಾವ.

"ಅದು ಇರಲಿ. ಏನು ಬೇಕಿತ್ತು?" ಎಂದರು ಅವರು ಮರಾಠಿಯಲ್ಲಿ.

"ನಮ್ಮ ವಿಶ್ವವಿದ್ಯಾಲಯ ನಡೆಸ್ಬೇಕಿತ್ತು."

ಸುಮನ್‌ತಾಯಿ ಬೆರಳಲ್ಲಿ ವಾರದ ದಿನಗಳನ್ನು ಎಣಿಸಿದರು. "ರವಿವಾರೀ ಚಾಲೇಲ್ ಕಾ?" ಭಾನುವಾರ ಆದರೆ ನಡೆಯುತ್ತದಾ, ಎಂದು!

ಒಂಬತ್ತು ಜನ ಭರ್ತಿಯಾದರು. ನಾನು ವರದಿಯಲ್ಲಿ ಸಂಖ್ಯೆಯ ಕೆಳಗೆ ಎರಡು ಗೆರೆ ಎಳೆದೆ. ಎಳೆದ ವಾರದಲ್ಲೇ ಮಾನ್ಯತೆಯ ಕಚೇರಿಯಿಂದ ಇನ್ನೊಂದು ಕಾಗದ. ಆಧುನಿಕ ಸಂಸ್ಥೆಯ ಆಡಳಿತದಲ್ಲಿ ಅಲ್ಲಿಯ ವಿದ್ಯಾರ್ಥಿಯೊಬ್ಬ ಇರಲೇಬೇಕು, ಆದರೆ ಒಂಬತ್ತು ಜನ ಹತ್ತಾಗುವಂತಿಲ್ಲ. ಬೋರ್ಡಿನಲ್ಲಿ 'ಆಧುನಿಕ' ಎಂದು ಬರೆಸಿಕೊಂಡು ಬೇಡವೆನ್ನಲು ಬಾಯಿಯೇ ಇರಲಿಲ್ಲ! ವಿದ್ಯಾರ್ಥಿಯನ್ನು ಆರಿಸುವುದು ಕಷ್ಟವಾಗಲಿಲ್ಲ. ಚೀಟಿ ಎಣಿಸಿದವಳು ನಾನೇ. ಹಣಮಂತನಿಗೆ ನಲವತ್ತನಾಲ್ಕು, ನನಗೆ ಮೂರು, ಖಾಲಿ ಚೀಟಿ ಐದು. ನನ್ನ ಮೂರರಲ್ಲಿ ಒಂದು ನನ್ನದೇ.

ಕಷ್ಟವಾದದ್ದು ಮುಂದಿನದು. ಒಂಬತ್ತರಲ್ಲಿ ಯಾರು ಏಳಬೇಕು?

ಪರಿಶೀಲನೆಗೆ ಮೊದಲಿನ ಭಾನುವಾರ ಸಂಜೆ ಸಭೆ ಸೇರಿತು. ಮುಖ್ಯೋಪಾಧ್ಯಾಯರ ಕೋಣೆಯಿಂದ ತಂದ ಒಂಬತ್ತು ಕುರ್ಚಿಗಳು, ಬಾಗಿಲ ಹತ್ತಿರ ಗೋಡೆಗೊರಗಿ ನಿಂತ ಹಣಮಂತ, ಮೂಲೆಯ ಸ್ಟೂಲಿನಲ್ಲಿ ವರದಿ ಬರೆಯುವ ನಾನು. ಮಾವ ಕಾಗದ ಓದಿ ಮುಗಿಸಿದರು. ಒಬ್ಬರು ಕನ್ನಡಕ ಒರೆಸಿಕೊಳ್ಳತೊಡಗಿದರು. ಒಬ್ಬರು ಫ್ಯಾನು ನೋಡಿದರು. ಇಬ್ಬರಿಗೆ ಅಲ್ಲಿಯೇ ಠಾಣೆ ನಿದ್ದೆ ಬಂತು. ಹೋಟೆಲಿನ ಮಾಲೀಕರೂ ಸುಮನ್‌ತಾಯಿಯೂ ಒಟ್ಟಿಗೇ ಏಳಹೊರಟರು.

"ನೀವಿಬ್ರು ಕೂತ್ಕೊಳ್ಳಿ" ಎಂದರು ಮಾವ. "ಈಗ ಕೂತವರು ಈಗಲೇ ಏಳುವ ಪದ್ಧತಿ ಇಲ್ಲ. ಡೊಂಬಿವ್ಲಿಯಿಂದ ಕೂತು ಬಂದವರು ಏಳ್ಬೇಕು. ಇಲ್ಲಿ ಎಲ್ಲರಿಗಿಂತ ಮೊದಲು ಕೂತದ್ದು..."

ಮಾತು ಅಲ್ಲಿಗೆ ನಿಂತಿತು. ಫ್ಯಾನು ನೋಡುತ್ತಿದ್ದವರು ನೆಲ ನೋಡಿದರು. ಅಷ್ಟರಲ್ಲಿ ಕೆಳಗೆ ಲೋಕಲ್ ಗಾಡಿಯೊಂದು ಹಾದುಹೋಯಿತು. ಗಾಡಿ ಹಾದಾಗಲೆಲ್ಲ ನಮ್ಮ ಮೂರನೇ ಮಹಡಿ ಸಣ್ಣಗೆ ನಡುಗುತ್ತದೆ, ಕಿಟಕಿಗಳು ಸದ್ದು ಮಾಡುತ್ತವೆ. ಸದ್ದು ನಿಲ್ಲುವವರೆಗೆ ಮಾವ ಕಿಟಕಿಯ ಕಡೆ ನೋಡುತ್ತಿದ್ದರು. ಮತ್ತೆ ನನ್ನ ಕಡೆ ತಿರುಗಿದರು.

"ಮಗಾ, ಇದು ಯಾವ ಸ್ಟೇಷನ್?"

ಉಳಿದವರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಪೆನ್ನು ಕೈಯಲ್ಲಿ ಹಾಗೇ ಇತ್ತು. ಬೇರೆ ಯಾವ ಸ್ಟೇಷನ್ನಿನ ಹೆಸರನ್ನಾದರೂ ಹೇಳಬಹುದಿತ್ತು. ದಿವಾ ಎನ್ನಬಹುದಿತ್ತು, ಮುಂಬ್ರಾ ಎನ್ನಬಹುದಿತ್ತು. ಬಾಗಿಲ ಹತ್ತಿರ ಹಣಮಂತ ನಿಂತೇ ಇದ್ದ.

"ಠಾಣೆ, ಮಾವ" ಎಂದೆ.

ಮಾವ ಎದ್ದರು. ಪಂಚೆ ಸರಿಮಾಡಿಕೊಂಡು, ಗಾಡಿಯಲ್ಲಿ ಮಾಡುವ ಹಾಗೆಯೇ ಒಂದು ಹೆಜ್ಜೆ ಬದಿಗೆ ಸರಿದು ಹಣಮಂತನಿಗೆ ಕಣ್ಣಲ್ಲೇ ಕುರ್ಚಿ ತೋರಿಸಿದರು.

"ಒಲ್ಲೆರೀ ಸರ" ಎಂದ ಹಣಮಂತ. "ನೀವ್ ನಿಂತಾಗ ನಾ ಹ್ಯಾಂಗ ಕುಂದರ್ಲಿ?"

"ಕೂತ್ಕೊ ಮಾರಾಯ. ನಾನು ಮುಂದಿನ ಸ್ಟೇಷನ್ನಿನಲ್ಲಿ ಇಳಿಯುವವ."

ಗಾಡಿಯಲ್ಲಿ ಸಂಕೋಚಪಡುವವರನ್ನು ಕೂರಿಸಲು ಎಲ್ಲರೂ ಹೇಳುವ ಸುಳ್ಳು ಅದು. ನಾನು ಅದನ್ನು ಎಷ್ಟೋ ಸಲ ಕೇಳಿದ್ದೇನೆ, ಎಷ್ಟೋ ಸಲ ಹೇಳಿದ್ದೇನೆ. ಆ ದಿನ ಮಾತ್ರ ಅದನ್ನು ವರದಿಯಲ್ಲಿ ಬರೆಯಲು ನನಗೆ ಕೈ ಬರಲಿಲ್ಲ.

ಮನೆಗೆ ಹೋಗುವಾಗ ಮಾವ ದಾರಿಯಲ್ಲಿ ನಿಂತು ಒಂದು ಹಿಡಿಸೂಡಿ ಕೊಂಡರು. ಮನೆಯೊಳಗೆ ಬಂದು ಅತ್ತೆಯ ಕೈಗೆ ಕೊಟ್ಟರು. ಅತ್ತೆ ಏನಾದರೂ ಅನ್ನುತ್ತಾರೆಂದು ನಾನು ಕಾದೆ. ಅವರು ಹಿಡಿಸೂಡಿಯನ್ನು ನೋಡಿದರು, ಮಾವನ ಮುಖ ನೋಡಿದರು.

"ಏನಾಯ್ತು ಮಾರಾಯ್ರೆ?" ಎಂದರು, ಬಹಳ ಮೆಲ್ಲಗೆ.

ಪರಿಶೀಲನೆಗೆ ಬಂದವರು ಒಂಬತ್ತು ಜನರನ್ನು ಎಣಿಸಿದರು, ಹಣಮಂತನ ಹತ್ತಿರ ತುಂಬ ಹೊತ್ತು ಮಾತನಾಡಿದರು, ಸಂತೋಷಪಟ್ಟರು. ಮಾನ್ಯತೆ ಬಂತು. ನಾವು ಪರೀಕ್ಷೆ ಬರೆದೆವು. ಬಂದವರಿಗೆ ಚಹಾ ಕೊಟ್ಟವರು ಯಾರೆಂದು ಅವರಿಗೆ ಗೊತ್ತಾಗಲಿಲ್ಲ. ಚಹಾ ಬಿಸಿಯಾಗಿತ್ತು.

ಅದಾದ ಮೇಲಿನ ಮೊದಲ ಸಭೆಗೆ ಹೋದರೆ ಕುರ್ಚಿಗಳು ಕಾಣಿಸಲಿಲ್ಲ. ಹಣಮಂತ ನಾಲ್ಕನೇ ತರಗತಿಯ ಕೋಣೆಯಿಂದ ಮೂರು ಬೆಂಚುಗಳನ್ನು ಒಂದೊಂದಾಗಿ ಹೆಗಲ ಮೇಲೆ ತಂದಿಟ್ಟಿದ್ದ.

"ಕುರ್ಚಿ ಯಾಕಪ್ಪಾ ತೆಗೆದೆ?" ಎಂದು ಹೋಟೆಲಿನ ಮಾಲೀಕರು ಕೇಳಿದರು.

"ಕುರ್ಚ್ಯಾಗ ಸರ್ಕೊಳ್ಳಾಕ ಬರಂಗಿಲ್ಲರಿ" ಎಂದ ಹಣಮಂತ.

ಬೆಂಚಿಗೆ ಮೂವರಂತೆ ಒಂಬತ್ತು ಗವರ್ನರುಗಳು ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತರು. ಮಾವ ಚಹಾದ ಕೆಟಲು ಇಟ್ಟು ಹೊರಗೆ ಹೋಗುವವರಿದ್ದರು. ಕೊನೆಯ ಬೆಂಚಿನಿಂದ ಹಣಮಂತ ಕೂಗಿದ.

"ಸರ, ಬರ್ರಿ ಈ ಕಡಿ. ತಾಯಿ, ಥೋಡಾ ಸರಕಾ!"

ಸುಮನ್‌ತಾಯಿ ಸರಿದರು, ಹೋಟೆಲಿನವರು ಸರಿದರು, ಹಣಮಂತ ಸರಿದ. ಬೆಂಚಿನ ತುದಿಯಲ್ಲಿ ಅರ್ಧ ಜಾಗವಾಯಿತು. ಮಾವ ಬೇಡ ಬೇಡವೆನ್ನುತ್ತ ಬಂದು, ಒಂದು ಕಾಲನ್ನು ಹೊರಗೆ ಚಾಚಿ, ಮೂವತ್ತು ವರ್ಷದ ಅಭ್ಯಾಸದಲ್ಲಿ ಆ ತುದಿಯಲ್ಲಿ ಕೂತರು. ಈಗಲೂ ಪ್ರತಿ ಸಭೆಯಲ್ಲಿ ಅಲ್ಲಿಯೇ ಕೂರುತ್ತಾರೆ. ನಿಯಮದ ಪ್ರಕಾರ ಅವರನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ನಾನು ಲೆಕ್ಕ ತಪ್ಪುವವಳಲ್ಲ. ಹಾಗಾಗಿ ವರದಿಯ ಮೊದಲ ಸಾಲನ್ನು ಪ್ರತಿ ಸಲವೂ ಹೀಗೆಯೇ ಬರೆಯುತ್ತೇನೆ.

ಹಾಜರಿದ್ದವರು: ಒಂಬತ್ತು. ನಾಲ್ಕನೇ ಸೀಟು: ಒಂದು.